ಹಗಲಿನ ಸ್ಟಾರು, ರಾತ್ರಿಯ ಟೆಂಟು

ಶನಿವಾರ ಮಧ್ಯಾಹ್ನ ಬೈಕಿನ ಹಿಂಬದಿಗೆ ಟೆಂಟು, ಚಾಪೆ, ಒಂದು ಸಣ್ಣ ಸ್ಟೌ ಬಿಗಿದುಕೊಂಡು ಬೆಂಗಳೂರು ಬಿಟ್ಟರೆ ಕತ್ತಲಾಗುವಷ್ಟರಲ್ಲಿ ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ಈ ನಾಲ್ಕರಲ್ಲಿ ಯಾವ ತಾಲ್ಲೂಕನ್ನಾದರೂ ತಲುಪಬಹುದು. ಕೆರೆ ಇದೆ, ಹೊಳೆ ಇದೆ, ಬೆಟ್ಟವಿದೆ, ಹೊಯ್ಸಳರ ಗುಡಿಗಳಿವೆ. ರಾತ್ರಿ ಎಲ್ಲಿ ಮಲಗುವುದು ಎಂಬುದಕ್ಕೆ ಮಾತ್ರ ಹೊರಡುವಾಗ ಉತ್ತರ ಇರುವುದಿಲ್ಲ. ಎಲ್ಲರೂ ಫೋನು ತೆಗೆಯುವುದು ಆಗಲೇ. ಗೂಗಲ್ ಮ್ಯಾಪ್‌ನ ಸ್ಟಾರು, ಅದರ ಕೆಳಗಿನ ರಿವ್ಯೂ, ಯಾರೋ ಹಾಕಿದ ಫೋಟೊ.

ನಾನೂ ಹಾಗೇ ಹುಡುಕುತ್ತೇನೆ. ಈ ಭಾಗದಲ್ಲಿ ಹನ್ನೆರಡು ವರ್ಷದಿಂದ ಬೈಕಿನಲ್ಲಿ ತಿರುಗುತ್ತಿದ್ದೇನೆ, ರಿವ್ಯೂ ಓದದೆ ಹೊರಟ ದಿನ ಕಡಿಮೆ. ಅದು ಕೆಲಸಕ್ಕೆ ಬರುತ್ತದೆ ಎಂಬುದರಲ್ಲಿ ನನಗೆ ಅನುಮಾನವೇ ಇಲ್ಲ. ಆದರೆ ಬರೆದವರಲ್ಲಿ ಹೆಚ್ಚಿನವರು ಹಗಲಲ್ಲಿ ಬಂದು ಹೋದವರು, ಓದುವ ನಾವು ರಾತ್ರಿ ಅಲ್ಲೇ ಮಲಗಬೇಕಾದವರು. ಇದನ್ನು ಮರೆತಾಗ ಹುಟ್ಟುವ ತಪ್ಪು ಕಲ್ಪನೆಗಳನ್ನು, ಈ ನಾಲ್ಕು ತಾಲ್ಲೂಕುಗಳ ಮಟ್ಟಿಗೆ, ನನಗೆ ತಿಳಿದಷ್ಟು ಹೇಳುತ್ತೇನೆ.

ತಪ್ಪು ಕಲ್ಪನೆ: ನಾಲ್ಕೂವರೆ ಸ್ಟಾರು ಇರುವ ಜಾಗ ಟೆಂಟು ಹಾಕುವುದಕ್ಕೂ ಒಳ್ಳೆಯದೇ.

ವಾಸ್ತವ: ಆ ಸ್ಟಾರು ಯಾವುದಕ್ಕೆ ಸಿಕ್ಕಿದ್ದು ಎಂದು ಮೊದಲು ನೋಡಬೇಕು. ಪಾಂಡವಪುರದ ಕುಂತಿ ಬೆಟ್ಟವನ್ನು ಜನ ಹೊಗಳುವುದು ಬಂಡೆಯ ನೆತ್ತಿಯಿಂದ ಕಾಣುವ ಸೂರ್ಯೋದಯಕ್ಕೆ, ಕೆಳಗಿನ ಗದ್ದೆ ಬಯಲಿಗೆ. ತೊಣ್ಣೂರು ಕೆರೆಯನ್ನು ಹೊಗಳುವುದು ಅದರ ತಿಳಿನೀರಿಗೆ. ಮೇಲುಕೋಟೆಯನ್ನು ಚೆಲುವನಾರಾಯಣನಿಗೆ, ಕಲ್ಯಾಣಿಗೆ, ಪುಳಿಯೋಗರೆಗೆ. ಎಲ್ಲವೂ ನ್ಯಾಯವಾದ ಹೊಗಳಿಕೆಯೇ. ಆದರೆ ರಾತ್ರಿ ಹತ್ತರ ಮೇಲೆ ಅಲ್ಲಿ ಕುಡಿಯಲು ಯಾರು ಬರುತ್ತಾರೆ, ಬೀದಿನಾಯಿಗಳು ಎಷ್ಟು, ಗಾಳಿ ಯಾವ ಕಡೆಯಿಂದ ಬೀಸುತ್ತದೆ, ಕೂಗಿದರೆ ಕೇಳುವಷ್ಟು ಹತ್ತಿರ ಮನೆ ಇದೆಯೇ, ಬೆಳಗ್ಗೆ ಕುಡಿಯುವ ನೀರು ಎಲ್ಲಿ ಸಿಗುತ್ತದೆ, ಇದ್ಯಾವುದೂ ಸ್ಟಾರಿನಲ್ಲಿ ಇಲ್ಲ. ಸಂಜೆ ಆರಕ್ಕೆ ಬೈಕು ತಿರುಗಿಸಿಕೊಂಡು ಮನೆಗೆ ಹೋದವರಿಗೆ ಇವು ಗೊತ್ತಾಗುವುದು ಹೇಗೆ?

ಹಾಗೆಂದು ಕೈಬಿಡಬೇಕಿಲ್ಲ. ನೂರಾರು ರಿವ್ಯೂ ಇರುವ ಜಾಗದಲ್ಲಿ ರಾತ್ರಿ ಉಳಿದವರು ನಾಲ್ಕೈದು ಮಂದಿಯಾದರೂ ಇರುತ್ತಾರೆ. ರಿವ್ಯೂಗಳ ಒಳಗೇ ಪದ ಹಾಕಿ ಹುಡುಕುವ ಸೌಲಭ್ಯ ಮ್ಯಾಪ್‌ನಲ್ಲಿದೆ. ನಾನು ಹಾಕುವ ಪದಗಳು ಇವು: ಟೆಂಟ್, ನೈಟ್, ರಾತ್ರಿ, ಗೇಟ್, ಪೊಲೀಸ್, ಬಾಟಲಿ. ಕನ್ನಡ ಅಕ್ಷರದಲ್ಲೊಮ್ಮೆ, ಇಂಗ್ಲಿಷಿನಲ್ಲೊಮ್ಮೆ. ‘ಬಾಟಲಿ’ ಎಂದು ಹಾಕಿದಾಗ ಬಂಡೆ ಮೇಲೆ ಒಡೆದ ಗಾಜಿನ ಬಗ್ಗೆ ದೂರು ಸಾಲುಸಾಲಾಗಿ ಬಂದರೆ, ಶನಿವಾರ ರಾತ್ರಿ ಅಲ್ಲಿ ನಿದ್ದೆ ಇರುವುದಿಲ್ಲ ಎಂದೇ ಅರ್ಥ.

ಹೆಸರಿನ ಕಾಗುಣಿತವನ್ನೂ ಗಮನಿಸಿ. ತೊಣ್ಣೂರನ್ನು ಇಂಗ್ಲಿಷಿನಲ್ಲಿ ಮೂರು ನಾಲ್ಕು ಬಗೆಯಾಗಿ ಬರೆಯುತ್ತಾರೆ. ಕೆರೆತೊಣ್ಣೂರು, ತಿರುಮಲಸಾಗರ, ಮೋತಿ ತಲಾಬ್ ಎಲ್ಲವೂ ಒಂದೇ ಕೆರೆ. ಪಿನ್ನುಗಳು ಬೇರೆ ಬೇರೆಯಾದರೆ ರಿವ್ಯೂಗಳೂ ಹಂಚಿಹೋಗುತ್ತವೆ. ಇಳಿದವರು ಮುಳುಗಿದರು ಎಂಬ ಎಚ್ಚರಿಕೆ ಒಂದು ಪಿನ್ನಿನಲ್ಲಿ, ‘ಈಜಲು ಬಹಳ ಚೆನ್ನಾಗಿದೆ’ ಎಂಬ ಮಾತು ಇನ್ನೊಂದರಲ್ಲಿ ಇದ್ದರೆ, ಎರಡನೆಯದನ್ನು ಮಾತ್ರ ಓದಿದವನು ನೀರಿಗೆ ಇಳಿದುಬಿಡುತ್ತಾನೆ. ಎರಡು ಗುಡ್ಡಗಳ ನಡುವೆ ಏರಿ ಕಟ್ಟಿ ನಿಲ್ಲಿಸಿದ ಆ ಕೆರೆಯಲ್ಲಿ ದಂಡೆ ಬಿಟ್ಟು ನಾಲ್ಕು ಹೆಜ್ಜೆ ಹೋದರೆ ಆಳ ಸಿಗುತ್ತದೆ. ಜೀವಗಳು ಹೋಗಿವೆ.

ತಪ್ಪು ಕಲ್ಪನೆ: ಇಲ್ಲಿ ಮಳೆ ಇಲ್ಲದಿದ್ದರೆ ಹೊಳೆದಂಡೆಗೆ ಭಯವಿಲ್ಲ.

ವಾಸ್ತವ: ಈ ಸೀಮೆಯಲ್ಲಿ ಇದಕ್ಕಿಂತ ಅಪಾಯದ ನಂಬಿಕೆ ಇನ್ನೊಂದಿಲ್ಲ. ಅದಕ್ಕೇ ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಮಂಡ್ಯದ ಮಳೆಗೂ ಕಾವೇರಿಯ ನೀರಿಗೂ ತಿಂಗಳು ಬೇರೆ. ಜುಲೈ, ಆಗಸ್ಟ್‌ನಲ್ಲಿ ಇಲ್ಲಿ ಬೀಳುವುದು ಹೆಚ್ಚೆಂದರೆ ಜಿಟಿಜಿಟಿ. ಜೋರು ಮಳೆ ಸೆಪ್ಟೆಂಬರ್, ಅಕ್ಟೋಬರ್‌ನದು, ಅದೂ ಸಂಜೆ ಹೊತ್ತಿನ ಗುಡುಗು ಮಿಂಚಿನ ಮಳೆ. ಹೊಳೆ ತುಂಬುವುದು ಮಾತ್ರ ಜುಲೈ, ಆಗಸ್ಟ್‌ನಲ್ಲೇ. ಆಗ ಬರುವುದು ಕೊಡಗಿನ ನೀರು. ಕೆ.ಆರ್. ಪೇಟೆ ಕಡೆಯ ಹೇಮಾವತಿಗೆ ಗೊರೂರು ಅಣೆಕಟ್ಟೆಯಿಂದ ಬಿಟ್ಟ ನೀರು. ಶ್ರೀರಂಗಪಟ್ಟಣದಲ್ಲಿ ಬಿಸಿಲು ಕಾಯುತ್ತಿರುವಾಗಲೇ ಕನ್ನಂಬಾಡಿ ಅಣೆಕಟ್ಟೆಯ ಗೇಟು ಎತ್ತಬಹುದು. ಎತ್ತಿದ ನೀರು ರಂಗನತಿಟ್ಟು ದಾಟಿ ಪಟ್ಟಣ ಮುಟ್ಟಲು ಒಂದು ರಾತ್ರಿ ಬೇಡ. 2018, 2019, 2024ರಲ್ಲಿ ಹೊರಹರಿವು ಲಕ್ಷ ಕ್ಯೂಸೆಕ್ ದಾಟಿತ್ತು. ಅಂಥ ದಿನಗಳಲ್ಲಿ ಬಲಮುರಿ, ಎಡಮುರಿಗೆ ಪ್ರವೇಶ ನಿಲ್ಲಿಸುತ್ತಾರೆ, ರಂಗನತಿಟ್ಟಿನ ದೋಣಿ ನಿಲ್ಲುತ್ತದೆ, ಗಂಜಾಂನ ನಿಮಿಷಾಂಬ ಗುಡಿಯ ಸೋಪಾನಗಳು ನೀರೊಳಗಾಗುತ್ತವೆ. ಮಾರ್ಚ್‌ನಲ್ಲಿ ಬಂದವನು ಬಲಮುರಿಯ ಬಂಡೆ ಮೇಲೆ ಕಾಲು ಇಳಿಬಿಟ್ಟು ತೆಗೆಸಿಕೊಂಡ ಫೋಟೊ ಆಗಲೂ ಮ್ಯಾಪ್‌ನಲ್ಲಿ ಹಾಗೇ ಇರುತ್ತದೆ.

ಇದೇ ಹೊಳೆಯಲ್ಲಿ ಮೊಸಳೆಗಳೂ ಇವೆ. ಪಕ್ಷಿತಜ್ಞ ಸಲೀಂ ಅಲಿಯವರ ಸಲಹೆಯಂತೆ 1940ರಲ್ಲಿ ಪಕ್ಷಿಧಾಮವಾದ, 2022ರಲ್ಲಿ ರಾಮ್‌ಸಾರ್ ಪಟ್ಟಿ ಸೇರಿದ ರಂಗನತಿಟ್ಟಿನಲ್ಲಿ ದೋಣಿಯಿಂದ ಅವನ್ನು ನೋಡಿ ಎಲ್ಲರೂ ಸಂತೋಷಪಡುತ್ತೇವೆ. ಪಕ್ಷಿಧಾಮದ ಬೇಲಿ ಎಲ್ಲಿ ಮುಗಿಯುತ್ತದೆ ಎಂದು ಮೊಸಳೆಗೆ ಗೊತ್ತಿಲ್ಲ.

ಹಿನ್ನೀರಿನ ಮಾತು ಇನ್ನೊಂದು ಬಗೆಯದು. ಕನ್ನಂಬಾಡಿಯ ಪೂರ್ಣ ಮಟ್ಟ 124.80 ಅಡಿ. 2023ರ ಬರದಲ್ಲಿ ಅದು ತುಂಬಲೇ ಇಲ್ಲ. 2024ರಲ್ಲಿ ಜುಲೈ ಮುಗಿಯುವುದರೊಳಗೆ ತುಂಬಿತು. 2025ರಲ್ಲಿ ಜೂನ್ ತಿಂಗಳಲ್ಲೇ ತುಂಬಿತು. ಒಂದೇ ಜಾಗದಲ್ಲಿ ಒಂದು ವರ್ಷ ಕುರಿ ಮೇಯುವ ಹುಲ್ಲು ಬಯಲು, ಮರುವರ್ಷ ಅದೇ ತಿಂಗಳು ಆಳುದ್ದ ನೀರು. ‘ಹಿನ್ನೀರಿನ ಪಕ್ಕ ವಿಶಾಲವಾದ ಹುಲ್ಲುಗಾವಲು, ಟೆಂಟಿಗೆ ಹೇಳಿ ಮಾಡಿಸಿದ ಜಾಗ’ ಎಂಬ ರಿವ್ಯೂ ಸುಳ್ಳೇನಲ್ಲ. ಯಾವ ವರ್ಷ, ಯಾವ ತಿಂಗಳು ಎಂಬುದೊಂದನ್ನು ಅದು ಹೇಳಲಿಲ್ಲ ಅಷ್ಟೆ. ಫೋಟೊ ಒತ್ತಿದರೆ ಅದು ಸೇರಿದ ತಿಂಗಳು, ವರ್ಷ ಕಾಣುತ್ತದೆ. ನಾನು ಸ್ಟಾರಿಗಿಂತ ಮೊದಲು ನೋಡುವುದು ಅದನ್ನು. ಆಮೇಲೆ ಆ ದಿನದ ಪತ್ರಿಕೆಯಲ್ಲಿ ಜಲಾಶಯದ ಮಟ್ಟ, ಒಳಹರಿವು, ಹೊರಹರಿವು. ಮಳೆಗಾಲದಲ್ಲಿ ಇವನ್ನು ದಿನವೂ ಹಾಕುತ್ತಾರೆ.

2024ರ ಜುಲೈಯಲ್ಲಿ ಕೆ.ಆರ್. ಪೇಟೆ ಕಡೆಯ ಹಿನ್ನೀರಿನ ಅಂಚಿನಲ್ಲಿ ನಾವಿಬ್ಬರು ನಿಂತಿದ್ದೆವು. ರಿವ್ಯೂನಲ್ಲಿ ಕಂಡ ಬಯಲೇ, ಆದರೆ ಅರ್ಧ ಮಾತ್ರ ಉಳಿದಿತ್ತು. ಸಂಜೆ ಆರಕ್ಕೆ ನೀರಿನ ಅಂಚಿನಲ್ಲಿ ಒಂದು ಕಡ್ಡಿ ನೆಟ್ಟೆ. ಸ್ಟೌ ಹಚ್ಚಿ ಟೀ ಕುಡಿದು ಬರುವಷ್ಟರಲ್ಲಿ ಕಡ್ಡಿಯ ಸುತ್ತ ನೀರು. ಎಮ್ಮೆ ಹೊಡೆದುಕೊಂಡು ಬರುತ್ತಿದ್ದ ಹಿರಿಯರೊಬ್ಬರು ನಿಂತರು.

‘ಕಡ್ಡಿ ಯಾಕಣ್ಣ ನೆಟ್ಟಿದ್ದೀರಿ?’

‘ನೀರು ಏರ್ತಾ ಇದೆಯಾ ನೋಡೋಣ ಅಂತ, ಯಜಮಾನ್ರೇ.’

‘ನೋಡೋದೇನಣ್ಣ, ಏರ್ತಾನೇ ಅದೆ. ನೆನ್ನೆ ಇವು ಆ ಕಲ್ಲಿನ ತಾವ ಮೇಯ್ತಾ ಇದ್ವು.’ ಅವರು ಕೈ ತೋರಿದ ಕಡೆ ಕಲ್ಲು ಇರಲಿಲ್ಲ, ನೀರಿತ್ತು. ‘ಮೇಲಕ್ ಬನ್ನಿ. ನಮ್ಮ ಕಣ ಅದೆ, ಅಲ್ಲಿ ಹಾಕಳಿ.’

ಲೆಕ್ಕ ಸುಲಭ. ಹಿನ್ನೀರಿನ ದಂಡೆ ಬಹಳ ಸಣ್ಣ ಇಳಿಜಾರಿನದು. ಐವತ್ತು ಅಡಿಗೆ ಒಂದಡಿ ಇಳಿಯುವ ನೆಲದಲ್ಲಿ ನೀರು ಒಂದಡಿ ಏರಿದರೆ ಐವತ್ತು ಅಡಿ ಒಳಕ್ಕೆ ಬರುತ್ತದೆ. ನಾವು ಟೆಂಟು ಹಾಕಬೇಕೆಂದಿದ್ದುದು ನೀರಿನಿಂದ ಮೂವತ್ತು ಅಡಿ ದೂರದಲ್ಲಿ. ಬೆಳಗ್ಗೆ ಹೋಗಿ ನೋಡಿದಾಗ ಕಡ್ಡಿಯೂ ಇಲ್ಲ, ಟೀ ಕಾಯಿಸಲು ಸ್ಟೌ ಇಟ್ಟಿದ್ದ ಕಲ್ಲೂ ಇಲ್ಲ.

ತಪ್ಪು ಕಲ್ಪನೆ: ಒಣಗಿದ ನಾಲೆ, ಖಾಲಿ ಗದ್ದೆ ಇದ್ದರೆ ಸಮತಟ್ಟಾದ ಒಳ್ಳೆ ಜಾಗ.

ವಾಸ್ತವ: ಹಗಲು ಒಣಗಿದ್ದುದು ರಾತ್ರಿ ಒಣಗಿರಬೇಕೆಂದಿಲ್ಲ. ವಿಶ್ವೇಶ್ವರಯ್ಯ ನಾಲೆಯ ಕೆಳಗೆ ಕಟ್ಟು ನೀರಿನ ಪದ್ಧತಿ. ಇಷ್ಟು ದಿನ ಬಿಟ್ಟು, ಇಷ್ಟು ದಿನ ನಿಲ್ಲಿಸುತ್ತಾರೆ. ನಿಮ್ಮ ರಾತ್ರಿ ಯಾವ ಕಟ್ಟಿಗೆ ಬಿತ್ತೆಂದು ಊರಿನವರಿಗೆ ಗೊತ್ತು, ರಿವ್ಯೂಗೆ ಗೊತ್ತಿಲ್ಲ. ನಾಲೆ ಇಲ್ಲದ ಕಡೆ ಪಂಪ್‌ಸೆಟ್ಟು. ಅದಕ್ಕೆ ತ್ರೀ ಫೇಸ್ ಕರೆಂಟು ಪಾಳಿಯ ಮೇಲೆ ಬರುತ್ತದೆ, ಎಷ್ಟೋ ಸಲ ನಡುರಾತ್ರಿ ಬರುತ್ತದೆ. ರೈತ ಬ್ಯಾಟರಿ ಹಿಡಿದು, ಗುದ್ದಲಿ ಹೆಗಲಿಗಿಟ್ಟು, ಬದು ಕಡಿದು ನೀರು ತಿರುಗಿಸುತ್ತಾನೆ. ಕತ್ತಲಲ್ಲಿ ಅವನ ಗದ್ದೆಯೊಳಗೆ ಟೆಂಟಿದೆ ಎಂದು ಅವನಿಗೆ ಹೇಗೆ ಗೊತ್ತಾಗಬೇಕು?

ನಾಲೆ ಏರಿಯ ಮೇಲೆ ಮಲಗುವುದು, ಕತ್ತಲಲ್ಲಿ ಅದರ ಮೇಲೆ ಬೈಕು ಓಡಿಸುವುದು ಎರಡೂ ಬೇಡ. 2018ರ ನವೆಂಬರ್ 24ರಂದು ಪಾಂಡವಪುರ ತಾಲ್ಲೂಕಿನ ಕನಗನಮರಡಿ ಬಳಿ ಬಸ್ಸೊಂದು ವಿ.ಸಿ. ನಾಲೆಗೆ ಉರುಳಿ 30 ಜನ ತೀರಿಕೊಂಡರು. ಶಾಲೆ ಮುಗಿಸಿ ಮನೆಗೆ ಹೊರಟಿದ್ದ ಮಕ್ಕಳೂ ಅದರಲ್ಲಿದ್ದರು. ಅದು ನಡುಹಗಲು. ನೋಡಲು ಸಣ್ಣ ನಾಲೆ. ಆದರೆ ಅಂಚು ಕಡಿದಾದದ್ದು, ನೀರಿಗೆ ಸೆಳೆತವಿದೆ, ಹಿಡಿದು ಹತ್ತಲು ಏನೂ ಇಲ್ಲದ ಗೋಡೆ. ಆ ದಾರಿಯಲ್ಲಿ ಹೋಗುವಾಗ ಈಗಲೂ ನನ್ನ ಕೈ ತಾನಾಗಿ ಆಕ್ಸಿಲರೇಟರ್ ಸಡಿಲಿಸುತ್ತದೆ.

ಬೈಕಿನವರಿಗೆ ಇನ್ನೊಂದು ಮಾತು. ನೀರು ಕುಡಿದ ಗದ್ದೆ ಮಣ್ಣಿನಲ್ಲಿ ಸೈಡ್ ಸ್ಟ್ಯಾಂಡು ನಿಧಾನವಾಗಿ ಇಳಿಯುತ್ತದೆ. ಬೈಕು ಟೆಂಟಿನ ಪಕ್ಕಕ್ಕೇ ನಿಂತಿದ್ದರೆ ಬೀಳುವುದು ಮಲಗಿದವರ ಮೇಲೆ. ಅಂಗೈಯಗಲದ ಚಪ್ಪಟೆ ಕಲ್ಲೋ ಮರದ ತುಂಡೋ ಸ್ಟ್ಯಾಂಡಿನ ಕೆಳಗಿಡಿ, ಬೈಕು ಹೊರಳಿದರೂ ಟೆಂಟಿನ ಕಡೆ ಹೊರಳದಂತೆ ನಿಲ್ಲಿಸಿ.

ತಪ್ಪು ಕಲ್ಪನೆ: ಬೇಲಿ ಇಲ್ಲದ ಬಯಲು ಯಾರದೂ ಅಲ್ಲ. ‘ಫ್ರೀ ಕ್ಯಾಂಪಿಂಗ್’ ಎಂದು ರಿವ್ಯೂ ಇದ್ದರೆ ಅನುಮತಿ ಬೇಕಿಲ್ಲ.

ವಾಸ್ತವ: ಈ ನಾಲ್ಕು ತಾಲ್ಲೂಕಿನಲ್ಲಿ ಯಾರದೂ ಅಲ್ಲದ ನೆಲ ನನಗಂತೂ ಕಂಡಿಲ್ಲ. ನಾಲೆ ಏರಿ, ಜಲಾಶಯದ ಅಂಚು ನೀರಾವರಿ ನಿಗಮದ್ದು. ಗೋಮಾಳ ಊರಿನ ದನಕರುಗಳದ್ದು. ಬೀಳು ಬಿಟ್ಟ ಹೊಲಕ್ಕೂ ಪಹಣಿಯಿದೆ. ಕನ್ನಂಬಾಡಿ ಕಟ್ಟೆಗೆ ಕಾವಲಿದೆ, ಅದರ ಆಸುಪಾಸಿನಲ್ಲಿ ರಾತ್ರಿ ಟಾರ್ಚು ಹಿಡಿದು ಜಾಗ ಹುಡುಕುವುದು, ಡ್ರೋನ್ ಹಾರಿಸುವುದು ನೇರ ಠಾಣೆಯ ದಾರಿ.

ಮೇಲುಕೋಟೆಯ ಸುತ್ತಲಿನ ಬೆಟ್ಟಗಾಡು ಹಲವು ತುಂಡುಗಳಾಗಿ 1974ರಿಂದ ವನ್ಯಜೀವಿಧಾಮ, ಹೆಚ್ಚುಕಡಿಮೆ 50 ಚದರ ಕಿಲೋಮೀಟರ್. ತೋಳಗಳಿಗೆ ಹೆಸರಾದ ನೆಲ. ಗುಡಿಗೆ ಹೋಗುವ ಡಾಂಬರು ರಸ್ತೆಯ ಮೇಲೆ ಯಾರೂ ತಡೆಯುವುದಿಲ್ಲ. ಆ ರಸ್ತೆ ಬಿಟ್ಟು ಧಾಮದೊಳಗೆ ಇಳಿದು ಟೆಂಟು ಹೊಡೆದರೆ, ಒಲೆ ಹೊತ್ತಿಸಿದರೆ, 1972ರ ವನ್ಯಜೀವಿ ಕಾಯ್ದೆ ಅನ್ವಯಿಸುತ್ತದೆ. ಹತ್ತು ಜನ ಅಲ್ಲಿ ಮಲಗಿ ಐದು ಸ್ಟಾರು ಕೊಟ್ಟಿದ್ದರೂ ಹನ್ನೊಂದನೆಯವನಿಗೆ ಅದು ಅನುಮತಿಯಾಗುವುದಿಲ್ಲ. ಬೇಸಿಗೆಯಲ್ಲಿ ಆ ಬೆಟ್ಟದ ಹುಲ್ಲು ಹೇಗೆ ಒಣಗಿರುತ್ತದೆ ಎಂದು ಕಂಡವರು ಅಲ್ಲಿ ಬೆಂಕಿಕಡ್ಡಿ ಗೀರಲಾರರು. ಮೇಲುಕೋಟೆಯಲ್ಲಿ ಉಳಿಯಬೇಕಾದರೆ ಊರೊಳಗೇ ಛತ್ರಗಳಿವೆ. ವೈರಮುಡಿಯ ದಿನಗಳಲ್ಲಿ ಅವೂ ಸಿಗುವುದಿಲ್ಲ, ಆಗ ಬೈಕಿಗೆ ಜಾಗ ಸಿಕ್ಕರೇ ಹೆಚ್ಚು.

ಪುರಾತತ್ತ್ವ ಇಲಾಖೆಯ ಗುಡಿಗಳ ಆವರಣವೂ ಹಾಗೇ. ಸೂರ್ಯ ಮುಳುಗಿದ ಮೇಲೆ ಅಲ್ಲಿ ಉಳಿಯುವಂತಿಲ್ಲ, ಅಡುಗೆ ಮಾಡುವಂತಿಲ್ಲ. ಎಂಟು ಒಂಬತ್ತು ನೂರು ವರ್ಷದ ಕಲ್ಲಿಗೆ ಸ್ಟೌ ಮಸಿ ಹತ್ತಿದರೆ ಉಜ್ಜಿ ತೆಗೆಯುವ ಬಗೆ ಇಲ್ಲ.

ಹಾಗಾದರೆ ಎಲ್ಲಿ? ಕೇಳಿ ಹಾಕುವ ಕಡೆ. ತೋಟದ ಮನೆಯ ಅಂಗಳ, ಸುಗ್ಗಿ ಮುಗಿದ ಕಣ, ಊರ ಶಾಲೆಯ ಬಯಲು, ಆಲೆಮನೆಯ ಪಕ್ಕ. ಆಲೆಮನೆ ನನಗೆ ಬಹಳ ಇಷ್ಟದ ಜಾಗ. ಪಾಂಡವಪುರ, ಕೆ.ಆರ್. ಪೇಟೆ ಕಡೆ ರಾತ್ರಿಯೂ ನಡೆಯುವ ಆಲೆಮನೆಗಳಿವೆ. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುತ್ತಿರುತ್ತದೆ, ಒಲೆಗೆ ಒಣಗಿದ ಸಿಪ್ಪೆ ಒಟ್ಟುವವನು ಎಚ್ಚರವಿರುತ್ತಾನೆ. ಬೆಳಕು, ನೀರು, ಮನುಷ್ಯರ ದನಿ ಮೂರೂ ಇರುತ್ತವೆ. ಹೊಗೆಯ ಗಾಳಿಗೆ ಎದುರಾಗದ ಕಡೆ ಟೆಂಟು ಹಾಕಿದರೆ ಆಯಿತು. ಇದನ್ನು ಯಾವ ರಿವ್ಯೂನಲ್ಲೂ ನಾನು ಓದಿಲ್ಲ. ತೆಂಗಿನ ತೋಟ ಸಿಕ್ಕರೆ ಮರದ ಬುಡ ಬಿಡಿ. ಬೀಳುವ ಕಾಯಿ, ಒಣ ಗರಿ ಟೆಂಟಿನ ಬಟ್ಟೆಯನ್ನು ಲೆಕ್ಕಕ್ಕಿಡುವುದಿಲ್ಲ.

ತಪ್ಪು ಕಲ್ಪನೆ: ಚಿರತೆ ಕಾಡಿನದು. ಊರ ಪಕ್ಕದ ಕಬ್ಬಿನ ಗದ್ದೆಯ ಬಳಿ ಅದರ ಭಯವಿಲ್ಲ.

ವಾಸ್ತವ: ಮಂಡ್ಯ ಸೀಮೆಯ ಚಿರತೆಗೆ ಕಬ್ಬಿನ ಗದ್ದೆಯೇ ಕಾಡು. ಹತ್ತು ಹನ್ನೆರಡು ತಿಂಗಳು ಅಲುಗದೆ ನಿಲ್ಲುವ ಬೆಳೆ. ಒಳಗೆ ತಂಪು, ಪಕ್ಕದಲ್ಲಿ ನಾಲೆ ನೀರು, ಊರಿನ ನಾಯಿ, ಕುರಿ, ಕಾಡುಹಂದಿ ಆಹಾರ. ಅದರೊಳಗೇ ಮರಿ ಹಾಕುತ್ತದೆ. ಕಬ್ಬು ಕಡಿಯುವಾಗ ಕೂಲಿಯವರಿಗೆ ಮರಿ ಸಿಕ್ಕಿದ ಸುದ್ದಿಯನ್ನು ಜಿಲ್ಲೆಯ ಪತ್ರಿಕೆಗಳಲ್ಲಿ ಎಷ್ಟು ಸಲ ಓದಿಲ್ಲ! ಪಕ್ಕದ ಗದ್ದೆಯಲ್ಲಿ ಕಬ್ಬು ಕಟಾವು ನಡೆದಿದ್ದರೆ ಅಲ್ಲಿದ್ದ ಪ್ರಾಣಿ ಬೇರೆ ಜಾಗ ಹುಡುಕುತ್ತಿರುತ್ತದೆ, ಆ ವಾರ ಇನ್ನೂ ಎಚ್ಚರ ಬೇಕು.

ನಾನು ಹಳ್ಳಿಗೆ ಹೋದ ಕೂಡಲೇ ಕೇಳುವುದು ‘ಈ ಕಡೆ ಬೋನು ಇಟ್ಟವ್ರಾ?’ ಎಂದು. ‘ಚಿರತೆ ಇದೆಯಾ’ ಎಂದು ಕೇಳಿದರೆ ಕೆಲವರು ಇಲ್ಲವೆಂದುಬಿಡುತ್ತಾರೆ, ಬಂದವರನ್ನು ಹೆದರಿಸುವುದು ಬೇಡವೆಂದು. ಬೋನಿನ ಮಾತು ಕೇಳಿದರೆ ಅರಣ್ಯ ಇಲಾಖೆಯವರು ಯಾವಾಗ ತಂದಿಟ್ಟರು, ಯಾರ ನಾಯಿ ಹೋಯಿತು, ಯಾರ ಕೊಟ್ಟಿಗೆಗೆ ನುಗ್ಗಿತು, ಎಲ್ಲ ಬಿಡಿಸಿ ಹೇಳುತ್ತಾರೆ. ಬೋನು ಇದ್ದ ಊರಿನಲ್ಲಿ ಟೆಂಟು ಬಿಚ್ಚುವುದಿಲ್ಲ, ಜಗಲಿ ಕೇಳುತ್ತೇನೆ.

ಹುಲ್ಲುಮೆದೆ, ಕಬ್ಬಿನ ತರಗಿನ ರಾಶಿಯ ಪಕ್ಕ ಬೇಡ. ಇಲಿ ಇದ್ದಲ್ಲಿ ಹಾವು, ಅದರಲ್ಲೂ ಕೊಳಕುಮಂಡಲ. ಕಚ್ಚಿದರೆ ಕಟ್ಟು ಕಟ್ಟುವುದು, ಕೊಯ್ಯುವುದು ಮಾಡದೆ, ಕಾಲು ಅಲುಗಿಸದೆ ಆಸ್ಪತ್ರೆಗೆ. ನಾಗಮಂಗಲ ತಾಲ್ಲೂಕಿನವರಿಗೆ ಬಿ.ಜಿ. ನಗರದ ಆದಿಚುಂಚನಗಿರಿ ವೈದ್ಯಕೀಯ ಕಾಲೇಜು, ಶ್ರೀರಂಗಪಟ್ಟಣದವರಿಗೆ ಮೈಸೂರಿನ ಕೆ.ಆರ್. ಆಸ್ಪತ್ರೆ, ಉಳಿದವರಿಗೆ ಮಂಡ್ಯದ ಮಿಮ್ಸ್ ಆಸ್ಪತ್ರೆ. ತುರ್ತಿಗೆ 112. ಕತ್ತಲಾಗುವ ಮುಂಚೆಯೇ ಆಸ್ಪತ್ರೆಯ ದಾರಿಯನ್ನು ಮ್ಯಾಪ್‌ನಲ್ಲಿ ಇಳಿಸಿಟ್ಟುಕೊಳ್ಳಿ. ಬೆಟ್ಟದ ಮಗ್ಗುಲಲ್ಲಿ ನೆಟ್‌ವರ್ಕ್ ಸಿಗದೇ ಹೋಗಬಹುದು.

ತಪ್ಪು ಕಲ್ಪನೆ: ಹೊಸ ಹೆದ್ದಾರಿಯಲ್ಲಿ ಒಂದೂವರೆ ಗಂಟೆಯ ದಾರಿ.

ವಾಸ್ತವ: ಕಾರಿಗೆ ಇರಬಹುದು. ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ಪಥಕ್ಕೆ 2023ರ ಆಗಸ್ಟ್ 1ರಿಂದ ಬೈಕುಗಳಿಗೆ ಪ್ರವೇಶವಿಲ್ಲ. ಸರ್ವಿಸ್ ರಸ್ತೆಯಲ್ಲಿ ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ ಹಾದೇ ಬರಬೇಕು. ಅದಕ್ಕಿಂತ ಹಿಂದಿನ ರಿವ್ಯೂ ನಂಬಿ ಮೂರೂವರೆಗೆ ಹೊರಟವರು ಕತ್ತಲಲ್ಲಿ ಜಾಗ ಹುಡುಕುತ್ತಾರೆ. ನಾಗಮಂಗಲ, ಮೇಲುಕೋಟೆ ಕಡೆಗಾದರೆ ಕುಣಿಗಲ್ ದಾರಿಯಲ್ಲಿ ಬೆಳ್ಳೂರು ಕ್ರಾಸಿಗೆ ಬಂದು, ಜೇವರ್ಗಿ–ಚಾಮರಾಜನಗರ ಹೆದ್ದಾರಿ ಹಿಡಿಯುವುದು ಬೈಕಿಗೆ ಹೆಚ್ಚು ಹಿತ.

ತಪ್ಪು ಕಲ್ಪನೆ: ಒಂದು ಸ್ಟಾರು ಕೊಟ್ಟವರು ಕೊಂಕು ತೆಗೆಯುವವರು, ಅವರದನ್ನು ಬಿಟ್ಟುಬಿಡಬಹುದು.

ವಾಸ್ತವ: ದುಡ್ಡು ಕೊಟ್ಟು ಉಳಿಯುವ ಹೊಳೆದಂಡೆಯ ಕ್ಯಾಂಪುಗಳ ವಿಷಯದಲ್ಲಿ ನಾನು ಮೊದಲು ಓದುವುದೇ ಅವರದು. ‘ಸೂಪರ್ ಪ್ಲೇಸ್’ ಎಂಬ ಐದು ಸ್ಟಾರಿನಲ್ಲಿ ತಿಳಿಯುವಂಥದ್ದು ಏನಿದೆ? ‘ರಾತ್ರಿ ಎರಡರವರೆಗೆ ಸ್ಪೀಕರ್ ಹಾಕಿದ್ದರು’, ‘ಬೈಕು ಗೇಟಿನ ಹೊರಗೆ ನಿಲ್ಲಿಸಿ ಎಂದರು’, ‘ನಲವತ್ತು ಜನಕ್ಕೆ ಒಂದೇ ಶೌಚಾಲಯ’, ಇವು ನಮಗೆ ಬೇಕಾದ ಮಾತುಗಳು. ಒಂದೇ ದೂರು ಬೇರೆ ಬೇರೆ ತಿಂಗಳಲ್ಲಿ ಬೇರೆ ಬೇರೆ ಜನರಿಂದ ಬಂದಿದ್ದರೆ ಅದನ್ನು ನಂಬಿ. ಊಟ ತಡವಾಯಿತೆಂದು ಸಿಟ್ಟಿಗೆ ಹಾಕಿದ ಒಂದು ಸ್ಟಾರನ್ನು ಬಿಡಿ.

ಒಂದೇ ವಾರದಲ್ಲಿ, ಒಂದೇ ಬಗೆಯ ವಾಕ್ಯದಲ್ಲಿ ಹತ್ತಾರು ಐದು ಸ್ಟಾರು ಬಿದ್ದಿದ್ದರೆ ಬರೆದವರ ಹೆಸರು ಒತ್ತಿ ನೋಡಿ. ಅವರು ಮತ್ತೆಲ್ಲೂ ಏನೂ ಬರೆಯದೇ ಇದ್ದರೆ ಅನುಮಾನಪಡಬೇಕು. ಸುಳ್ಳು ರಿವ್ಯೂ ತಡೆಯಲೆಂದು 2022ರಲ್ಲಿ ಭಾರತೀಯ ಮಾನಕ ಬ್ಯೂರೊ ಐಎಸ್ 19000 ಎಂಬ ಮಾನದಂಡ ತಂದಿದೆ. ಆದರೆ ಪಾಲಿಸುವುದು ಕಂಪನಿಗಳ ಇಚ್ಛೆಗೆ ಬಿಟ್ಟದ್ದು, ನಮ್ಮ ಕಣ್ಣನ್ನೇ ನಾವು ನಂಬಬೇಕು. ಮ್ಯಾಪ್‌ನ ರಿವ್ಯೂ ಪಟ್ಟಿ ತಾನಾಗಿ ತೋರಿಸುವುದು ‘ಹೆಚ್ಚು ಸೂಕ್ತ’ ಎಂದು ಅದಕ್ಕೆ ಅನಿಸಿದವನ್ನು. ‘ಹೊಸದು’ ಎಂದು ಬದಲಿಸಿ ಓದಿ. ಆಮೇಲೆ ಕ್ಯಾಂಪಿನವರಿಗೆ ಫೋನು ಮಾಡಿ, ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಣಿ ಇದೆಯೇ, ಹೊಳೆ ಏರಿದರೆ ಜನರನ್ನು ಎಲ್ಲಿಗೆ ಸಾಗಿಸುತ್ತೀರಿ ಎಂದು ಕೇಳಿ. ಎರಡನೆಯ ಪ್ರಶ್ನೆಗೆ ತಡವರಿಸುವ ಕಡೆ ನಾನು ಮುಂಗಡ ಕಟ್ಟುವುದಿಲ್ಲ. ಏನೂ ಸರಿ ಹೋಗದ ದಿನಕ್ಕೆ ಶ್ರೀರಂಗಪಟ್ಟಣದಲ್ಲಿ, ಕನ್ನಂಬಾಡಿಯಲ್ಲಿ ಕೆಎಸ್‌ಟಿಡಿಸಿಯ ಮಯೂರ ಹೋಟೆಲುಗಳಿವೆ.

ತಪ್ಪು ಕಲ್ಪನೆ: ರಿವ್ಯೂ ಕಡಿಮೆ ಇದ್ದರೆ ಅಲ್ಲಿ ನೋಡುವಂಥದ್ದೇನೂ ಇಲ್ಲ.

ವಾಸ್ತವ: ಈ ಒಂದು ನಂಬಿಕೆಯಿಂದ ಕೆ.ಆರ್. ಪೇಟೆ, ನಾಗಮಂಗಲಗಳಿಗೆ ಆಗಿರುವ ಅನ್ಯಾಯ ನನಗೆ ನಿಜವಾಗಿ ನೋವು ತರುತ್ತದೆ. ಶ್ರೀರಂಗಪಟ್ಟಣದ ದರಿಯಾ ದೌಲತ್ ಮುಂದೆ ಬೈಕು ನಿಲ್ಲಿಸಲು ಜಾಗವಿರುವುದಿಲ್ಲ. ಅಲ್ಲಿಂದ ಸ್ವಲ್ಪ ದೂರ ಹೋದರೆ ಕೆ.ಆರ್. ಪೇಟೆಯ ಪಕ್ಕದಲ್ಲೇ ಹೊಸಹೊಳಲು, ಸುಮಾರು 1250ರ ಲಕ್ಷ್ಮೀನಾರಾಯಣ ಗುಡಿ. ಸಂಜೆ ಬಿಸಿಲು ಓರೆಯಾಗಿ ಬಿದ್ದಾಗ ಹೊರಗೋಡೆಯ ಪಟ್ಟಿಕೆಗಳಲ್ಲಿ ಆನೆಯ ಸೊಂಡಿಲು, ಕುದುರೆಯ ಕಡಿವಾಣ ಒಂದೊಂದೇ ಎದ್ದು ಬರುತ್ತವೆ. ಕಿಕ್ಕೇರಿಯಲ್ಲಿ 1171ರ ಬ್ರಹ್ಮೇಶ್ವರ. ಗೋವಿಂದನಹಳ್ಳಿಯಲ್ಲಿ ಒಂದೇ ಸಾಲಿಗೆ ಐದು ಗರ್ಭಗುಡಿಗಳ ಪಂಚಲಿಂಗೇಶ್ವರ. ನಾಗಮಂಗಲ ತಾಲ್ಲೂಕಿನ ಕಂಬದಹಳ್ಳಿಯಲ್ಲಿ ಗಂಗರ ಕಾಲದ ಪಂಚಕೂಟ ಬಸದಿ, ಊರಿಗೆ ಹೆಸರು ಕೊಟ್ಟ ಬ್ರಹ್ಮದೇವರ ಕಂಬ. ಇಲ್ಲೆಲ್ಲ ಎಷ್ಟೋ ಸಲ ನಾನೊಬ್ಬನೇ ನಿಂತಿದ್ದೇನೆ.

ರಿವ್ಯೂ ಬರೆಯುವುದು ಹೊರಗಿನಿಂದ ಬಂದವರ ಅಭ್ಯಾಸ. ಹೊರಗಿನವರು ಕಡಿಮೆ ಬರುವ ಊರಿನಲ್ಲಿ ಸಂಖ್ಯೆಯೂ ಕಡಿಮೆ. ಬೈಕಿನಲ್ಲಿ ಬಂದು ಮಲಗಲು ಜಾಗ ಹುಡುಕುವವರಿಗೆ ಇದು ಒಳ್ಳೆಯ ಸುದ್ದಿ. ಗದ್ದಲವಿಲ್ಲ, ಬಾಟಲಿ ಚೂರಿಲ್ಲ, ಕೇಳಿದರೆ ಜಾಗ ತೋರಿಸುವ ಜನರಿಗೆ ಇನ್ನೂ ಬೇಸರ ಬಂದಿಲ್ಲ. ಇಂಥ ಕಡೆ ಕನ್ನಡದಲ್ಲಿ ಹೆಸರು ಹಾಕಿ ಹುಡುಕಿ. ಇಂಗ್ಲಿಷಿನಲ್ಲಿ ಕಾಣದ ರಿವ್ಯೂಗಳು ಸಿಗುತ್ತವೆ. ಊರಿನ ಹುಡುಗರು ಬರೆದವು, ಎರಡೇ ಸಾಲಿನವು, ಆದರೆ ಜಾತ್ರೆ ಯಾವಾಗ, ಬಾಗಿಲು ತೆಗೆಯುವವರ ಮನೆ ಎಲ್ಲಿ ಎಂಬುದು ಅದರಲ್ಲಿರುತ್ತದೆ.

ತಪ್ಪು ಕಲ್ಪನೆ: ಒಳ್ಳೆ ಜಾಗ ಸಿಕ್ಕರೆ ಪಿನ್ ಹಾಕಿ ಎಲ್ಲರಿಗೂ ತಿಳಿಸುವುದೇ ಉಪಕಾರ.

ವಾಸ್ತವ: ಯಾರ ಅಂಗಳದಲ್ಲಿ ಮಲಗಿದೆವೋ ಅವರಿಗೆ ಅದು ಉಪಕಾರವಾಗುವುದಿಲ್ಲ. ಹಿನ್ನೀರಿನ ಆ ಹಿರಿಯರ ಕಣಕ್ಕೆ ನಾನು ಪಿನ್ ಹಾಕಿದ್ದರೆ ಮುಂದಿನ ಶನಿವಾರ ಇಪ್ಪತ್ತು ಬೈಕು ಅವರ ರಾಗಿ ಹೊಲದ ಅಂಚಿನಲ್ಲಿ ನಿಲ್ಲುತ್ತಿದ್ದವು. ಒಬ್ಬರಿಗೆ ‘ಬನ್ನಿ’ ಎಂದ ಮಾತನ್ನು ಸಾವಿರ ಜನಕ್ಕೆ ಹಂಚುವ ಅಧಿಕಾರ ನಮಗಿಲ್ಲ. ಅವರು ದುಡ್ಡು ಮುಟ್ಟಲಿಲ್ಲ. ಬೆಳಗ್ಗೆ ಅವರ ಮನೆಯಾಕೆ ರಾಗಿರೊಟ್ಟಿ, ಹುಚ್ಚೆಳ್ಳು ಚಟ್ನಿ ಕೊಟ್ಟು ‘ಮನೇಲಿ ಯೋಳ್ಬುಟ್ ಬಂದಿದ್ದೀರಾ ಮಗಾ?’ ಎಂದು ಕೇಳಿದರು. ಆ ಮನೆ ಮ್ಯಾಪ್‌ನಲ್ಲಿ ಇಲ್ಲ, ನನ್ನಿಂದ ಎಂದೂ ಬರುವುದೂ ಇಲ್ಲ.

ಸಾರ್ವಜನಿಕ ಜಾಗದ ಪಿನ್ನಿಗೆ ಮಾತ್ರ ನಾನು ಬರೆಯುತ್ತೇನೆ. ಸ್ಟಾರಿಗಿಂತ ವಿವರಕ್ಕೆ ಹೆಚ್ಚು ಗಮನ ಕೊಡುತ್ತೇನೆ. ಗೋವಿಂದನಹಳ್ಳಿಯ ಗುಡಿಗೆ ಬರೆದದ್ದು ಹೀಗೆ:

‘ಜನವರಿ ಎರಡನೇ ವಾರ, ಬುಧವಾರ. ಇಬ್ಬರು, ಎರಡು ಬೈಕು. ಕಿಕ್ಕೇರಿ ಕಡೆಯಿಂದ ಬಂದೆವು, ಗುಡಿಯವರೆಗೆ ಬೈಕು ಹೋಗುತ್ತದೆ. ಆವರಣದಲ್ಲಿ ರಾತ್ರಿ ಉಳಿಯುವಂತಿಲ್ಲ, ಟೆಂಟು ಬಿಚ್ಚಬೇಡಿ. ಸಂಜೆ ಐದರೊಳಗೆ ಊರಿನಲ್ಲಿ ಕೇಳಿದರೆ ಜಾಗ ಹೇಳುತ್ತಾರೆ, ಕತ್ತಲಾದ ಮೇಲೆ ಹೋಗಿ ಬಾಗಿಲು ತಟ್ಟಬೇಡಿ. ನೀರು ಸಿಕ್ಕಿತು. ಚಳಿ ಜೋರು, ಹೊದಿಕೆ ಎರಡು ಬೇಕು. ಬೆಳಗಿನ ಜಾವ ನಾಲ್ಕಕ್ಕೆ ಕರೆಂಟು ಬಂದು ಪಕ್ಕದ ಪಂಪ್‌ಸೆಟ್ಟು ಶುರುವಾಯಿತು.’